ಹೆರಿಗೆಗೊಂದು ರಿಹರ್ಸಲ್

"ನೀರು ಹೋಯ್ತೇನಮ್ಮಾ?"

ಮೂಡಿಗೆರೆಯ ಒಂದು ಚಿಕ್ಕ ಆಸ್ಪತ್ರೆಯ ಡ್ಯೂಟಿ ನರ್ಸ್ ಗಾಬರಿಯಿಂದ ಕೇಳಿದರು. ಕೇಳದೆ ಇನ್ನೇನು? ಎದುರಿಗೆ ನಿಂತವಳು ತುಂಬು ಗರ್ಭಿಣಿ. ನೆತ್ತಿಯಿಂದ ಪಾದದವರೆಗೆ ತೊಯ್ದು ತೊಪ್ಪೆ. ಚೂಡಿದಾರದ ಅಂಚಿನಿಂದ ತೊಟ್ಟಿಕ್ಕಿದ ನೀರು ಅವರ ಒರೆಸಿದ ನೆಲದ ಮೇಲೆ ಸಣ್ಣ ಕೆರೆಯಾಗಿತ್ತು.

"ಇಲ್ಲ ಸಿಸ್ಟರ್. ಇದು ಸ್ಪ್ರಿಂಕ್ಲರ್ ನೀರು" ಅಂದೆ.

"ನೋವು ಎಷ್ಟು ಹೊತ್ತಿಗೊಂದು ಸಲ ಬರ್ತಿದೆ?"

"ನೋವಿಲ್ಲ. ನಾವು ರಿಹರ್ಸಲ್‌ಗೆ ಬಂದಿದ್ದು."

ಅವರು ನನ್ನನ್ನು ನೋಡಿದರು. ನನ್ನ ಹಿಂದೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ಗಂಡನನ್ನು ನೋಡಿದರು. ಮನಸ್ಸಿನಲ್ಲಿ ಏನೋ ಅಂದುಕೊಂಡರು. (ಅದನ್ನು ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ.)

ಹೆರಿಗೆಗೆ ಯಾರಾದರೂ ರಿಹರ್ಸಲ್ ಮಾಡುತ್ತಾರೆಯೇ? ಸ್ಕೂಲ್ ಡೇ ಡಾನ್ಸಿಗೆ ಮಾಡುತ್ತೇವೆ. ಆಗಸ್ಟ್ ಹದಿನೈದರ ಪರೇಡಿಗೆ ಮಾಡುತ್ತೇವೆ. ಜೀವ ಕೈಯಲ್ಲಿ ಹಿಡಿದು ಮಾಡುವ ಒಂದೇ ಒಂದು ಕೆಲಸವನ್ನು ಮಾತ್ರ 'ಆ ಹೊತ್ತಿಗೆ ನೋಡಿಕೊಂಡರಾಯಿತು' ಅಂತ ಬಿಡುತ್ತೇವೆ. ನಾನು ಬಿಡುವವಳಲ್ಲ.

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತು. ಅಪ್ಪ ಗೋಣಿಬೀಡಿನ ಮನೆಯಂಗಳದಲ್ಲಿ ಪ್ರತಿ ಬೆಳಿಗ್ಗೆ ಮಳೆ ಅಳೆದು ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲಿ ಬರೆದಿಡುತ್ತಿದ್ದರು. (ಕಾಫಿ ಬೆಳೆಯುವ ಮನೆಗಳಲ್ಲಿ ಇದು ಹಲ್ಲುಜ್ಜಿದಷ್ಟೇ ಸಹಜ.) ನಾನು ಮಳೆಯನ್ನು ಅವರಿಗೆ ಬಿಟ್ಟು ಉಳಿದದ್ದೆಲ್ಲ ಬರೆಯುತ್ತೇನೆ. ಬಸುರಿ ಅಂತ ಗೊತ್ತಾದ ದಿನದಿಂದ ನನ್ನ ಡೈರಿಯಲ್ಲಿ ಮೂರು ಹೊಸ ಕಾಲಂ ಸೇರಿದವು: ವಾಂತಿ, ಒದೆತ, ಬಿಟ್ಟಿ ಸಲಹೆ. ಮೂರನೆಯದಕ್ಕೆ ಬೇಗನೇ ಇನ್ನೊಂದು ಡೈರಿ ಬೇಕಾಯಿತು.

ಮನೆಯಲ್ಲೇ ಹೆರಬೇಕೆಂಬ ಆಸೆ ಹುಟ್ಟಿದ್ದು ಕಳೆದ ವರ್ಷ, ನಾದಿನಿಯ ಹೆರಿಗೆಯಲ್ಲಿ. ಯಾವ ಊರು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ನಾನೂ ಅತ್ತೆಯೂ ಲೇಬರ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಒಳಗೆ ಯಾರನ್ನೂ ಬಿಡುವುದಿಲ್ಲ ಅಂದಿದ್ದರು. ನಾದಿನಿ ಕೂಗಿದಾಗಲೆಲ್ಲ ಬಾಗಿಲಿನಾಚೆಯಿಂದ ಇನ್ನೊಂದು ಧ್ವನಿ ಕೇಳುತ್ತಿತ್ತು: "ಆಗ ಗೊತ್ತಾಗ್ಲಿಲ್ವಾ? ಈಗ್ಯಾಕೆ ಕಿರುಚ್ತೀಯ?"

ತಾಯಿ, ಮಗು ಇಬ್ಬರೂ ಕ್ಷೇಮ. ಆದರೆ ವಾರದ ನಂತರ ನಾದಿನಿ ನನ್ನ ಹತ್ತಿರ ಒಂದು ಮಾತು ಹೇಳಿದಳು. "ನೋವು ಮರ್ತೋಗುತ್ತೆ ಅತ್ತಿಗೆ. ಅಲ್ಲಿ ಒಬ್ಬಳೇ ಇದ್ದಿದ್ದು ಮರೆಯಲ್ಲ."

ಅವತ್ತೇ ತೀರ್ಮಾನಿಸಿದೆ. ನಾನು ಹೆರುವಾಗ ನನ್ನವರು ಯಾರಾದರೂ ನನ್ನ ಕೈ ಹಿಡಿದುಕೊಂಡಿರಬೇಕು. ನನ್ನ ಬೇಡಿಕೆ ಅಷ್ಟೇ. ಅದಕ್ಕೆ ಆಸ್ಪತ್ರೆ ಒಪ್ಪದಿದ್ದರೆ ಮನೆ.

ಮನಸ್ಸಿನಲ್ಲಿ ಅಂದುಕೊಂಡದ್ದು ಮೊಬೈಲಿಗೆ ಹೇಗೆ ಗೊತ್ತಾಗುತ್ತದೋ! ಮಾರನೇ ದಿನದಿಂದ ಬರೀ ಅದೇ ವಿಡಿಯೋ. ಯಾವುದೋ ದೇಶದ ಹೆಂಗಸರು ಸುತ್ತ ಮೇಣದಬತ್ತಿ ಹಚ್ಚಿಕೊಂಡು, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ತೇಲುತ್ತ, ನಗುನಗುತ್ತ ಹೆರುತ್ತಾರೆ. ನಮ್ಮ ಬಾಳೂರಿನ ಮನೆಯ ಬಚ್ಚಲಲ್ಲಿ ತೊಟ್ಟಿಯಿಲ್ಲ. ಹಂಡೆಯಿದೆ. ಅದರಲ್ಲಿ ನಾನು ಹಿಡಿಸುವುದಿಲ್ಲ. (ಅಳೆದು ನೋಡಿದ್ದೇನೆ.)

ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಮನೆಯೋ? ಆಸ್ಪತ್ರೆಯೋ? ಆಸ್ಪತ್ರೆಗೆ ಬಿದ್ದ ಓಟು ಮೂವತ್ತೊಂದು. ಮನೆಗೆ ಒಂಬತ್ತು. ಆ ಒಂಬತ್ತು ಮಂದಿ ಯಾರೆಂದು ಪಟ್ಟಿ ನೋಡಿದರೆ, ಒಂಬತ್ತಕ್ಕೆ ಒಂಬತ್ತೂ ಗಂಡಸರು! "ಹಿಂದೆಲ್ಲ ಮನೇಲೇ ಆಗ್ತಿತ್ತಲ್ಲ, ನ್ಯಾಚುರಲ್ಲಾಗಿ" ಎಂದು ನನಗೆ ಧೈರ್ಯ ತುಂಬಿದವರಲ್ಲಿ ಒಬ್ಬರು, ಒಂದು ಹಲ್ಲು ಕೀಳಿಸಲು ಮಂಗಳೂರಿಗೆ ಹೋಗಿ ಎರಡು ದಿನ ಅಡ್ಮಿಟ್ ಆಗಿದ್ದವರು.

ಮನೆಯಲ್ಲೇ ಹೆತ್ತ ಹೆಂಗಸರ ಒಂದು ಓಟೂ ಮನೆಗೆ ಬೀಳಲಿಲ್ಲ. ನನ್ನ ಅತ್ತೆಯದೇ ಮೂರು ಹೆರಿಗೆಯಲ್ಲಿ ಎರಡು ಮನೆಯಲ್ಲಿ ಆದದ್ದು.

"ಮತ್ತೆ ನೀವ್ಯಾಕೆ ಮನೇಲಿ ಹೆತ್ರಿ ಅತ್ತೆ?"

"ಜೀಪಿರ್ಲಿಲ್ಲ, ಹೆತ್ತೆ. ಇದ್ದಿದ್ರೆ ನಾನೇ ಓಡಿಸ್ಕೊಂಡು ಹೋಗ್ತಿದ್ದೆ ಮಾರಾಯ್ತಿ."

ಗೋಣಿಬೀಡಿನಿಂದ ಅಮ್ಮ ಫೋನಿನಲ್ಲಿ ಇನ್ನೂ ಜೋರು. "ಮನೇಲಾ? ತಲೆ ಸರಿ ಇದ್ಯಾ ನಿಂಗೆ? ನಿನ್ನ ಹೆರುವಾಗ ನಂಗೆ ಎರಡು ಬಾಟ್ಲಿ ರಕ್ತ ಹಾಕಿದ್ರು. ಮನೇಲಿ ಎಂತ ಹಾಕ್ತಾರೆ? ಕಷಾಯನಾ?"

ಮದುವೆಯಾಗಿ ಮೂರು ವರ್ಷದಲ್ಲಿ ಅಮ್ಮ, ಅತ್ತೆ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ದಿನಾಂಕ ಹಾಕಿ ಬರೆದಿಟ್ಟೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ನಾನು ಸುಮ್ಮನಿರಲಿಲ್ಲ. "ಒಂದು ವೇಳೆ ಮನೆಯಲ್ಲೇ ಅಂತಾದ್ರೆ, ಬಾಳೂರಿನ ಮನೇಲಿ ಆಗ್ಲಿ ಅಂತಿದ್ದೀನಿ. ಇವರೂ ಹತ್ತಿರ ಇರ್ತಾರೆ" ಅಂದೆ.



"ಚೊಚ್ಚಲ ಹೆರಿಗೆ" ಅಂದರು ಅಮ್ಮ, ನಿಧಾನಕ್ಕೆ, "ಗಂಡನ ಮನೇಲಾ?"

ಇಲ್ಲಿ ನಾನು ಲೆಕ್ಕ ತಪ್ಪಿದ್ದೆ. ನಮ್ಮ ಕಡೆ ಮೊದಲ ಹೆರಿಗೆ ತವರಿನದು. ಅದು ತವರಿನ ಹಕ್ಕು, ಖರ್ಚು, ಮತ್ತು ಜಂಭ. ಇಂಟರ್ನೆಟ್ಟಿನಲ್ಲಿ ಹೋಮ್ ಬರ್ತ್ ಬಗ್ಗೆ ನಾನು ಓದಿದ ಒಂದು ಪುಟದಲ್ಲೂ, ಯಾರ ಹೋಮ್ ಎಂಬ ಪ್ರಶ್ನೆಯೇ ಇರಲಿಲ್ಲ!

ಅಮ್ಮ ಆ ಸಂಜೆಯೇ ಪಕ್ಷ ಬದಲಿಸಿದರು. "ಮನೇಲೇ ಹೆರ್ಬೇಕು ಅಂತ ನಿಂಗೆ ಹಟ ಇದ್ರೆ ಇಲ್ಲಿಗೇ ಬಾ. ನಿನ್ನ ರೂಮಿಗೆ ಪೇಂಟ್ ಹೊಡಿಸ್ತೀನಿ." ಸುದ್ದಿ ಬಾಳೂರಿಗೆ ಮುಟ್ಟಿತು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಹುಡುಗಿ ಅವಳೇ ಬಾಯಿಬಿಟ್ಟು ಇಲ್ಲೇ ಇರ್ತೀನಿ ಅಂದ್ಮೇಲೆ ನಾವು ಬೇಡ ಅನ್ನೋಕಾಗುತ್ತಾ? ಇಲ್ಲೇ ಆಗ್ಲಿ. ನಾನೇ ಎರಡು ಹೆತ್ತ ಮನೆ ಇದು."

ನೋಡಿದಿರಾ? ನಿನ್ನೆವರೆಗೆ ಇಬ್ಬರಿಗೂ ಮನೆ ಬೇಡ. ಇವತ್ತು ಇಬ್ಬರಿಗೂ ತಮ್ಮ ಮನೆಯೇ ಬೇಕು. ಹೆರುವವಳು ಏನಂತಾಳೆ ಎಂದು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಆದರೂ ಹೆರಿಗೆ ಮಾಡಿಸುವವರು ಬೇಕಲ್ಲ? ಮೂಡಿಗೆರೆಯಲ್ಲಿ ಲಿಲ್ಲಿ ಸಿಸ್ಟರ್ ಇದ್ದಾರೆ. ಜೀವಮಾನವೆಲ್ಲ ಲೇಬರ್ ರೂಮಿನಲ್ಲಿ ಕಳೆದು ರಿಟೈರ್ ಆದ ನರ್ಸ್. ಅವರ ಮನೆ ಬಾಗಿಲಿಗೆ ಹೋಗಿ ಕೇಳಿದೆ. ಅವರು ನನ್ನ ಸ್ಕ್ಯಾನಿಂಗ್ ಫೈಲನ್ನೆಲ್ಲ ತಿರುವಿ ಹಾಕಿ ಕನ್ನಡಕ ತೆಗೆದರು.

"ಸದ್ಯಕ್ಕೆ ಎಲ್ಲ ಸರಿ ಇದೆ. ಆದ್ರೆ ನಂದೊಂದು ಕಂಡೀಷನ್. ಹೆಚ್ಚುಕಮ್ಮಿ ಆದ್ರೆ ನಿಮ್ಮನೆ ಬಾಗಿಲಿಂದ ಆಸ್ಪತ್ರೆ ಬಾಗಿಲಿಗೆ ಮುಕ್ಕಾಲು ಗಂಟೇಲಿ ಬರ್ಬೇಕು. ಒಂದು ನಿಮಿಷ ಮೀರಿದ್ರೂ ನಾನಿಲ್ಲ. ಗೂಗಲ್ ಮ್ಯಾಪ್ ತೋರಿಸ್ಬೇಡ. ಓಡಿಸಿ ತೋರ್ಸು."

ರಿಹರ್ಸಲ್ ಹುಟ್ಟಿದ್ದು ಹೀಗೆ.

ಮಾರ್ಚ್ ತಿಂಗಳ ಭಾನುವಾರ, ಬೆಳಿಗ್ಗೆ. ಬಾಳೂರಿನ ಮನೆಯಿಂದ ಹೊರಡುವವರು ನಾನು, ಅತ್ತೆ, ಮತ್ತು ಟೈಮ್‌ಕೀಪರ್ ಆಗಿ ನನ್ನ ಗಂಡ ಸುಧೀರ. (ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವವರು. ನನ್ನಷ್ಟು ಬರೆಯುವುದಿಲ್ಲ.) ಆಸ್ಪತ್ರೆ ಗೇಟಿನಲ್ಲಿ ಅಂಪೈರ್ ಲಿಲ್ಲಿ ಸಿಸ್ಟರ್. ಅವರ ಪಕ್ಕದಲ್ಲಿ, ಯಾರೂ ಕರೆಯದಿದ್ದರೂ ಗೋಣಿಬೀಡಿನಿಂದ ಮೊದಲ ಬಸ್ಸಿಗೇ ಬಂದಿದ್ದ ನನ್ನ ಅಮ್ಮ. ಬಾಳೂರು ಫೇಲಾಗುವುದನ್ನು ಕಣ್ಣಾರೆ ನೋಡಲು.

ಜೀಪು ರಫೀಕಣ್ಣನದು. ಬಾಳೂರಿನ ಮೆಕ್ಯಾನಿಕ್. ಮಗುವಿನಿಂದ ಮೆಣಸಿನ ಮೂಟೆವರೆಗೆ ಏನಿದ್ದರೂ ಸಾಗಿಸುವವರು. ಅವತ್ತು ಜೀಪು ಬಂದಾಗ ಮೇಲೆ ಹೊದಿಸುವ ಟಾರ್ಪಾಲಿನ ಹುಡ್ ಇರಲಿಲ್ಲ. ಹಿಂದೆ ಸ್ಪ್ರಿಂಕ್ಲರ್ ಪೈಪುಗಳ ಒಂದು ಕಟ್ಟು, ಜೀಪಿಗಿಂತ ಉದ್ದ.

"ಎಂತ ಇದು ರಫೀಕಣ್ಣ?" ಸುಧೀರ ಕೂಗಿದರು.

"ಪೈಪು. ದಾರೀಲೇ ಒಂದು ತೋಟಕ್ಕೆ ಇಳ್ಸೋದು. ಎರಡು ನಿಮಿಷ."

"ನಾವು ಹೆರಿಗೆಗೆ ಹೊರಟಿದ್ದು ಮಾರಾಯ್ರೆ!"

"ಹೆರಿಗೆ ರಿಹರ್ಸಲ್ ಅಲ್ವಾ? ಪೈಪು ಒರಿಜಿನಲ್."

ಈ ವರ್ಷ ಹೂಮಳೆ ಕೈಕೊಟ್ಟಿತ್ತು. ಆ ಮಳೆ ಬೀಳದಿದ್ದರೆ ಕಾಫಿ ಹೂ ಬಿಡುವುದಿಲ್ಲ. ಹಾಗಾಗಿ ಇದ್ದಬದ್ದ ತೋಟದವರೆಲ್ಲ ಹಳ್ಳ, ಕೆರೆಗಳಿಗೆ ಪಂಪ್ ಇಟ್ಟು ಗಿಡಗಳಿಗೆ ಸ್ಪ್ರಿಂಕ್ಲರ್ ಮಳೆ ಸುರಿಸುತ್ತಿದ್ದರು. ಊರಿನ ಜೀಪುಗಳೆಲ್ಲ ಪೈಪು ಹೊತ್ತೇ ಓಡುತ್ತಿದ್ದವು. ಮಗು ಮಾರ್ಚಿಗೆ ಬರುವಂತೆ ಪ್ಲಾನ್ ಮಾಡಿದ ನಾನು ಇದೊಂದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹೊರಟೆವು. ಪೈಪು ಜಾರದಂತೆ ಅತ್ತೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡರು, ಇನ್ನೊಂದು ಕೈಯಲ್ಲಿ ನನ್ನನ್ನು. ತೋಟದ ಗೇಟಿನಲ್ಲಿ ಪೈಪು ಇಳಿಸಲು ಎರಡು ನಿಮಿಷದ ಬದಲು ಹದಿನೈದಾಯಿತು. (ಮೇಸ್ತ್ರಿ ಎಣಿಸಿಕೊಳ್ಳಬೇಕಲ್ಲ?) ಅಲ್ಲಿಂದ ಎರಡು ತಿರುವು ದಾಟಿದರೆ, ರಸ್ತೆ ಪಕ್ಕದ ತೋಟದಲ್ಲಿ ಒಂದು ಸ್ಪ್ರಿಂಕ್ಲರ್ ಟಕ್ ಟಕ್ ಟಕ್ ಅಂತ ಸುತ್ತುತ್ತ, ಅರ್ಧ ಸುತ್ತು ಗಿಡಕ್ಕೂ ಅರ್ಧ ಸುತ್ತು ಡಾಂಬರಿಗೂ ನೀರು ಹೊಡೆಯುತ್ತಿತ್ತು.

ರಫೀಕಣ್ಣ ಜೀಪು ನಿಲ್ಲಿಸಿದರು. ಸ್ಪ್ರಿಂಕ್ಲರನ್ನು ಬೇಟೆಗಾರನ ಹಾಗೆ ದಿಟ್ಟಿಸಿದರು. "ಅದು ಆ ಕಡೆ ತಿರುಗ್ಲಿ ತಂಗಿ. ತಿರುಗಿದ ತಕ್ಷಣ ಒಂದೇ ಏಟಿಗೆ ನುಗ್ತೀನಿ."

ಅದು ತಿರುಗಿತು. ನಾವು ನುಗ್ಗಿದೆವು. ತಿರುವಿನಾಚೆ ಇನ್ನೊಂದಿತ್ತು.

ಅದು ನಮ್ಮ ಕಡೆಗೇ ತಿರುಗಿತ್ತು.

ತಲೆಯಿಂದ ಇಳಿಯುತ್ತಿದ್ದ ನೀರನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅತ್ತೆ ಹೇಳಿದರು: "ನೀರಲ್ಲಿ ಹೆರೋದು, ನೀರಲ್ಲಿ ಹೆರೋದು ಅಂತ ಮೊಬೈಲ್ ತೋರಿಸ್ತಿದ್ದೆಯಲ್ಲ. ಹೆರು ಈಗ."

ಆಸ್ಪತ್ರೆ ಗೇಟು ಮುಟ್ಟಿದಾಗ ಸ್ಟಾಪ್‌ವಾಚಿನಲ್ಲಿ ಒಂದು ಗಂಟೆ ಹನ್ನೆರಡು ನಿಮಿಷ. ನನ್ನ ಅಮ್ಮ ತೊಯ್ದ ಮಗಳನ್ನು ನೋಡುವ ಮೊದಲು ಅಳಿಯನ ಮೊಬೈಲ್ ನೋಡಿದರು. "ಸಿಸ್ಟರ್, ಬಾಳೂರು ಫೇಲು! ಗೋಣಿಬೀಡಿಂದ ಇಪ್ಪತ್ತೇ ನಿಮಿಷ. ಬೇಕಾದ್ರೆ ಈಗ್ಲೇ ಓಡಿಸಿ ತೋರ್ಸ್ತೀವಿ."

"ಪೈಪಿನ ಹದಿನೈದು ನಿಮಿಷ ಕಳೀಬೇಕು" ಅಂದರು ಅತ್ತೆ.

"ಕಳೆದ್ರೂ ಫೇಲೇ ಅಕ್ಕಾ."

ಲಿಲ್ಲಿ ಸಿಸ್ಟರ್ ಇಬ್ಬರಿಗೂ ಕಿವಿಗೊಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. (ಡ್ಯೂಟಿ ನರ್ಸ್ ನೀರಿನ ವಿಷಯ ಕೇಳಿದ್ದು ಆಗಲೇ.) ಕುರ್ಚಿಯಲ್ಲಿ ಕೂರಿಸಿ ನನ್ನ ಪಾದವನ್ನು ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಗುಳಿ ಬಿತ್ತು. ಅದು ಮೇಲೇಳಲಿಲ್ಲ.

"ಮುಖ ಯಾವಾಗಿಂದ ಹೀಗೆ ಊದಿದೆ?"

"ಬಸುರೀಲಿ ಊದ್ಕೊಳ್ಳುತ್ತಂತಲ್ಲ ಸಿಸ್ಟರ್?"

"ತಲೆನೋವು?"

"ಎರಡು ದಿನದಿಂದ ಇದೆ. ಪಕ್ಕದ ತೋಟದ ಪಂಪ್‌ಸೆಟ್ ಸೌಂಡಿಗೆ."

ಡೈರಿಯಲ್ಲೂ ಹಾಗೇ ಬರೆದಿದ್ದೆ. ತಲೆನೋವು; ಕಾರಣ, ಪಂಪ್‌ಸೆಟ್. ಎಷ್ಟು ನೀಟಾಗಿ ಬರೆದಿದ್ದೆನೆಂದರೆ ನನಗೇ ಅನುಮಾನ ಬರಲಿಲ್ಲ. ಹಿಂದಿನ ವಾರ ಚೆಕಪ್‌ನಲ್ಲಿ ಬಿಪಿ ಸರಿಯಾಗೇ ಇತ್ತು.

ಈಗ ಇರಲಿಲ್ಲ. ಡ್ಯೂಟಿ ನರ್ಸ್ ಒಂದು ಸಲ ನೋಡಿದರು, ಲಿಲ್ಲಿ ಸಿಸ್ಟರ್ ಇನ್ನೊಂದು ಸಲ ನೋಡಿದರು. ಇಬ್ಬರೂ ಪರಸ್ಪರ ಮುಖ ನೋಡಿಕೊಂಡ ರೀತಿ ನನಗೆ ಹಿಡಿಸಲಿಲ್ಲ. ಡಾಕ್ಟರು ಬಂದರು. ಯೂರಿನ್ ಟೆಸ್ಟಾಯಿತು. ಇದು ಏರುತ್ತ ಹೋದರೆ ಫಿಟ್ಸ್ ಬರಬಹುದು, ತಾಯಿಗೂ ಮಗುವಿಗೂ ಅಪಾಯ, ಅಡ್ಮಿಟ್ ಮಾಡಿಕೊಂಡು ಬಿಪಿ ಇಳಿಸಿ ನಾಳೆ ನೋವು ಬರಿಸೋಣ ಅಂದರು. ಬಹಳ ಮೆತ್ತಗೆ ಹೇಳಿದರು. ಅದಕ್ಕೇ ಹೆದರಿಕೆಯಾಯಿತು.

ಅಮ್ಮನ ಬಾಯಲ್ಲಿ ಗೋಣಿಬೀಡು ಇಲ್ಲ. ಅತ್ತೆಯ ಬಾಯಲ್ಲಿ ಬಾಳೂರು ಇಲ್ಲ.

"ಇವತ್ತು ಬರ್ದೆ ಇದ್ದಿದ್ರೆ?" ಸುಧೀರ ಕೇಳಿದರು. ನಾನು ತಲೆನೋವಿನ ಕಾಲಮ್ಮಿನಲ್ಲಿ ಇನ್ನೊಂದು ಗೆರೆ ಎಳೆದು, ಪಂಪ್‌ಸೆಟ್ ಎಂದು ಬರೆದು, ದಿಂಬು ಹಾಕಿ ಮಲಗಿರುತ್ತಿದ್ದೆ.

ಲಿಲ್ಲಿ ಸಿಸ್ಟರ್ ಮಾತ್ರ ನಗುತ್ತ ನನ್ನ ಒದ್ದೆ ತಲೆ ಒರೆಸಿದರು. "ಬಾಳೂರು ರೋಡಲ್ಲಿ ಮುಕ್ಕಾಲು ಗಂಟೇಲಿ ಬರೋಕಾಗಲ್ಲ ಅಂತ ಗೊತ್ತಿದ್ದೇ ಹೇಳಿದ್ದು ಕಣೇ. ಬೇಡ ಅಂದ್ರೆ ನೀನು ಕೇಳೋಳಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಆದ್ರೆ ನೀನು ಇದನ್ನ ನಿಜವಾಗ್ಲೂ ಓಡಿಸಿ ತೋರ್ಸ್ತೀಯ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ!"

ಸರಿ. ಮನೆಯೋ ಆಸ್ಪತ್ರೆಯೋ ಎಂಬ ಚರ್ಚೆಗೆ ತೆರೆ ಬಿತ್ತು. ಆಸ್ಪತ್ರೆಯಲ್ಲಿ ನಾನು ಮೂರನೇ ಬೆಡ್ಡು. ಮನೆಯಲ್ಲಾಗಿದ್ದರೆ ಒಂದು ಕುಟುಂಬದ ಹಕ್ಕು, ಇನ್ನೊಂದು ಕುಟುಂಬದ ಹಟ. ಅಂದ ಮೇಲೆ ಮೂರನೇ ಬೆಡ್ಡೇನು ಕಡಿಮೆ ಮರ್ಯಾದೆಯೇ? ಕ್ರಿಕೆಟ್ಟಿನವರು ಇದಕ್ಕೆ ನ್ಯೂಟ್ರಲ್ ವೆನ್ಯೂ ಅನ್ನುತ್ತಾರೆ.

ಆದರೆ ನನ್ನ ಒಂದೇ ಒಂದು ಬೇಡಿಕೆ ಇತ್ತಲ್ಲ, ಅದು ಹಾಗೇ ಉಳಿದಿತ್ತು. ಕೈ ಹಿಡಿಯುವವರು ಯಾರು? ಮಾರನೇ ದಿನ ನೋವು ಶುರುವಾದಾಗ ನಾನು ಹೆದರಿದ್ದು ಬಿಪಿಗಲ್ಲ. ಆ ಬಾಗಿಲಿಗೆ. ನಾದಿನಿಯ ಮಾತು ಕಿವಿಯಲ್ಲಿತ್ತು. ಡ್ಯೂಟಿ ನರ್ಸಿನ ಕೈ ಹಿಡಿದುಕೊಂಡು ಕೇಳಿದೆ: "ಸಿಸ್ಟರ್, ನನ್ನ ಜೊತೆ ಯಾರನ್ನಾದ್ರೂ ಬಿಡ್ತೀರಾ?"

"ಬಿಡ್ತೀವಲ್ಲ. ಯಾಕೆ ಅಳ್ತೀಯ? ಒಬ್ರನ್ನ ಬಿಡ್ತೀವಿ. ಪಕ್ಕದ ಬೆಡ್ಡಲ್ಲಿ ಹೆಂಗಸ್ರಿದ್ದಾರೆ, ಗಂಡಸ್ರು ಬೇಡ."

ಅಷ್ಟೇ! ಇಷ್ಟು ತಿಂಗಳು ನಾನು ಹಂಡೆ ಅಳೆದೆ, ಓಟು ಎಣಿಸಿದೆ, ಜೀಪು ಓಡಿಸಿದೆ. ಈ ಒಂದು ಪ್ರಶ್ನೆಯನ್ನು ಇಲ್ಲಿಗೆ ಬಂದು ಕೇಳಿರಲೇ ಇಲ್ಲ. ಎಲ್ಲ ಆಸ್ಪತ್ರೆಯಲ್ಲೂ ಬಿಡುತ್ತಾರೆಯೇ? ಇಲ್ಲ. ಬಿಡಬೇಕಲ್ಲವೇ? ಹೆಂಗಸರನ್ನು ಮನೆಯ ಕಡೆಗೆ ಓಡಿಸುವುದು ಮೊಬೈಲಿನ ಮೇಣದಬತ್ತಿಯೋ, 'ಈಗ್ಯಾಕೆ ಕಿರುಚ್ತೀಯ' ಎನ್ನುವ ಆ ಧ್ವನಿಯೋ?

ಬಾಗಿಲಲ್ಲಿ ಒಂದು ಹಸಿರು ಗೌನು, ಒಂದು ಟೋಪಿ, ಒಂದು ಮಾಸ್ಕ್ ಕೊಟ್ಟರು. ಒಬ್ಬರಿಗೆ ಸಾಕಾಗುವಷ್ಟು. ಹೊರಗೆ ಅಮ್ಮಂದಿರು ಇಬ್ಬರು.

"ನೀವು ಹೋಗಿ ಅಕ್ಕಾ. ನೀವು ಮನೇಲೇ ಹೆತ್ತವ್ರು, ಧೈರ್ಯ ಜಾಸ್ತಿ" ಎಂದರು ಅಮ್ಮ. ದನಿಯಲ್ಲಿ ಜಂಭವೂ ಇರಲಿಲ್ಲ, ಕುಟುಕೂ ಇರಲಿಲ್ಲ.

"ಛೆ, ನೀವು ಹೋಗಿ. ಹೆತ್ತ ತಾಯಿ ನೀವು" ಎಂದರು ಅತ್ತೆ.

ಒಳಗೆ ನನಗೆ ಪ್ರಾಣ ಹೋಗುತ್ತಿದೆ. ಹೊರಗೆ ಇವರದು ಮದುವೆ ಮನೆಯ ಊಟದ ಪಂಕ್ತಿಯ ಹಾಗೆ 'ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ'! "ಯಾರಾದ್ರೂ ಒಬ್ರು ಬನ್ರೇ!" ಎಂದು ನಾನು ಕೂಗಿದ್ದು ಬಸ್‌ಸ್ಟ್ಯಾಂಡಿಗೂ ಕೇಳಿಸಿತಂತೆ.

ಮೊದಲು ಅಮ್ಮ ಬಂದರು. ಅರ್ಧ ಗಂಟೆ ನನ್ನ ಬೆನ್ನು ನೀವಿದರು. ಆಮೇಲೆ ತಲೆ ಸುತ್ತುತ್ತದೆ ಅಂತ ಹೊರಗೆ ಹೋದರು. ಎರಡೇ ನಿಮಿಷಕ್ಕೆ ಅದೇ ಗೌನು, ಅದೇ ಟೋಪಿ, ಅದೇ ಮಾಸ್ಕ್ ಮತ್ತೆ ಒಳಗೆ ಬಂತು. ಗೌನು ಮಾತ್ರ ಈ ಸಲ ನೆಲ ಗುಡಿಸುತ್ತಿತ್ತು. ಅತ್ತೆ ಕುಳ್ಳು.

ಹೀಗೆ ಶಿಫ್ಟ್ ಶುರುವಾಯಿತು. ಹೊರಗಿನ ಬೆಂಚಿನಲ್ಲಿ ಒಬ್ಬರು ಬಿಚ್ಚುವುದು, ಇನ್ನೊಬ್ಬರು ಹಾಕಿಕೊಳ್ಳುವುದು. ಒಬ್ಬರಿಗೊಬ್ಬರು ಬೆನ್ನ ಹಿಂದಿನ ಲಾಡಿ ಕಟ್ಟುವುದು. ಮೂರು ವರ್ಷದಲ್ಲಿ ಒಬ್ಬರ ಅಡುಗೆಗೆ ಇನ್ನೊಬ್ಬರು ಉಪ್ಪು ಸರಿಯಿದೆ ಅಂತ ಒಪ್ಪದವರು! ಡ್ಯೂಟಿ ನರ್ಸಿಗೆ ಗೊತ್ತಾಗಲಿಲ್ಲವೇ? ಒಂದು ಗಂಟೆಗೊಮ್ಮೆ ಅರ್ಧ ಅಡಿ ಕುಗ್ಗಿ ಮತ್ತೆ ಬೆಳೆಯುವ ಹೆಂಗಸನ್ನು ಅವರು ಎಲ್ಲಿ ನೋಡಿರಬೇಕು? ಆದರೂ ಏನೂ ಅನ್ನಲಿಲ್ಲ. ಒಂದು ಸಲ ಮಾತ್ರ, "ಅಮ್ಮಾ, ಈ ಸಲ ಲಾಡಿ ಗಟ್ಟಿ ಕಟ್ಕೊಂಡು ಬನ್ನಿ" ಅಂದರು.

ನಾನು ಕೂಗಿದೆ. ಬೈದೆ. ಸುಧೀರನ ವಂಶಾವಳಿಯನ್ನೆಲ್ಲ ಬೈದೆ. (ಆಗ ಗೌನಿನೊಳಗೆ ಅತ್ತೆ ಇದ್ದರಂತೆ.) ಯಾಕೆ ಕಿರುಚ್ತೀಯ ಅಂತ ಯಾರೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಕಣ್ಣು ಮುಚ್ಚಿಕೊಂಡು ಒಂದು ಕೈಯನ್ನು ಮೂಳೆ ಮುರಿಯುವಷ್ಟು ಹಿಂಡುತ್ತ, ನಾನು ಒಂದು ಹೆಣ್ಣು ಮಗುವಿನ ತಾಯಿಯಾದೆ.

ಮಗು ಆರೋಗ್ಯವಾಗಿದೆ. ನನ್ನ ಬಿಪಿ ಇಳಿದಿದೆ. ಸಂಜೆಗೆ ರಫೀಕಣ್ಣ ಜೀಪಿಗೆ ಹುಡ್ ಹಾಕಿಸಿಕೊಂಡು ಮಗು ನೋಡಲು ಬಂದಿದ್ದರು. ಪೈಪಿಲ್ಲದೆ. "ಇವತ್ತು ಒರಿಜಿನಲ್ ಅಲ್ವಾ ತಂಗಿ" ಅಂದರು.

ಈಗ ಗೋಣಿಬೀಡಿನ ಮನೆಯಲ್ಲಿ, ಹೊಸ ಪೇಂಟಿನ ವಾಸನೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಾಣಂತನ ಮೊದಲು ಇಲ್ಲಿ, ಆಮೇಲೆ ಬಾಳೂರಿನಲ್ಲಿ. ಹಾಗಂತ ರಾಜಿಯಾಗಿದೆ. ಆದರೆ ಒಂದು ಹೊಸ ವ್ಯಾಜ್ಯ ಹುಟ್ಟಿಕೊಂಡಿದೆ. ಮಗು ಹುಟ್ಟಿದ ಕ್ಷಣದಲ್ಲಿ ನಾನು ಹಿಂಡಿದ ಆ ಕೈ ಯಾರದು?

"ನಂದು. ಇನ್ನೂ ಬೆರಳು ಮಡಿಸೋಕಾಗಲ್ಲ" ಅನ್ನುತ್ತಾರೆ ಅಮ್ಮ, ಚಪಾತಿ ಹಿಟ್ಟು ನಾದುತ್ತ.

"ನಂದು. ಬಳೆ ಒಡೆದದ್ದು ಯಾರ ಕೈಲಿ, ಕೇಳು" ಅನ್ನುತ್ತಾರೆ ಅತ್ತೆ, ಪ್ರತಿ ಭಾನುವಾರ ರಫೀಕಣ್ಣನ ಜೀಪಿನಲ್ಲಿ ಬಂದಿಳಿದು.

ಇಬ್ಬರೂ ಕೊನೆಗೆ ನನ್ನ ಕಡೆ ತಿರುಗುತ್ತಾರೆ. ಎಲ್ಲವನ್ನೂ ಬರೆದಿಡುವವಳು ನೀನು, ಇದನ್ನು ಬರೆದಿಲ್ಲವೇ?

ಯಾರ ಕೈ ಅಂತ ನನಗೆ ಚೆನ್ನಾಗಿ ಗೊತ್ತಿದೆ. ಆದರೆ ಎರಡು ಮನೆಯ ಬಾಣಂತನ ಇನ್ನೂ ಬಾಕಿ ಇರುವಾಗ ಅದನ್ನು ಡೈರಿಯಲ್ಲಿ ಬರೆಯಲು ನನಗೇನು ತಲೆ ಕೆಟ್ಟಿದೆಯೇ?